ಏಳನೇ ಗುಳಿಯ ಗಂಟೆ

ನಾನು ಒಂದು ಕಂಚಿನ ಗಂಟೆ. ಹುಟ್ಟಿದ್ದು ನಾಗಮಂಗಲದ ಎರಕದ ಮನೆಯಲ್ಲಿ. ನನ್ನನ್ನು ಎರೆದ ವೀರಾಚಾರಿ ಅಚ್ಚು ಒಡೆದು, ಮಣ್ಣು ಕೆರೆದು, ಒಮ್ಮೆ ತಟ್ಟಿ ನೋಡಿ, "ಯಾವ ದೇವ್ರಿಗೆ ಸ್ವಾಮಿ ಇದು?" ಎಂದು ಕೇಳಿದ. "ದೇವ್ರಿಗಲ್ಲ ಕಣಯ್ಯ, ದೊರೆಗಳ ಚೆಂಡಾಟಕ್ಕೆ" ಎಂದ ಕೊಳ್ಳಲು ಬಂದ ಗುಮಾಸ್ತ. ವೀರಾಚಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ.

ನಾನು ಸೇರಿದ್ದು ಮೈಸೂರು ಸೀಮೆಯ ಹುಲಿಮರಡಿ ಗಾಲ್ಫ್ ಕ್ಲಬ್ಬನ್ನು. ಅಲ್ಲಿ ಸದಸ್ಯನಾಗುವುದಕ್ಕಿಂತ ಸ್ವರ್ಗಕ್ಕೆ ಹೋಗುವುದು ಸುಲಭ ಎನ್ನುತ್ತಿದ್ದರು ಸುತ್ತಲಿನ ಊರಿನವರು. ಚೆಂಡು ಬೀಳಿಸಬೇಕಾದ ಏಳನೇ ಗುಳಿ ಒಂದು ದಿಬ್ಬದ ಆಚೆಗಿತ್ತು. ಈಚೆ ನಿಂತು ಚೆಂಡು ಹೊಡೆಯುವವನಿಗೆ ಗುಳಿಯೂ ಕಾಣದು, ಅಲ್ಲಿರುವ ಜನರೂ ಕಾಣರು. ಹಾಗಾಗಿ ಮುಂದೆ ಹೋದವರು ಆಟ ಮುಗಿಸಿ ಹೊರಡುವಾಗ, ಗುಳಿಯ ಪಕ್ಕ ತೂಗುಹಾಕಿದ್ದ ನನ್ನನ್ನು ಬಾರಿಸಬೇಕು. ನಾನು ಮೊಳಗಿದರೆ, 'ಜಾಗ ಖಾಲಿ, ಹೊಡೆಯಿರಿ' ಎಂದರ್ಥ. ನನ್ನನ್ನು ಮುಟ್ಟುವ ಹಕ್ಕು ಸದಸ್ಯರಿಗೆ ಮಾತ್ರ. ಅವರ ಚೀಲ ಹೊತ್ತು ಹಿಂದೆ ನಡೆಯುವ ಕ್ಯಾಡಿ ಮುಟ್ಟಿದರೆ ಅವನ ಕೆಲಸ ಹೋಯಿತು. ಸದಸ್ಯನೇ ಹೇಳಿ ಮುಟ್ಟಿಸಿದ್ದರೆ ತಪ್ಪು ಸದಸ್ಯನದು, ಅವನನ್ನು ಒಂದು ವರ್ಷ ಹೊರಗಿಡುತ್ತಿದ್ದರು. ದೊರೆಗಳು ಹಡಗು ಹತ್ತಿ ಹೋದರು. ದೊರೆತನವನ್ನು ಮಾತ್ರ ಇಲ್ಲೇ ಬಿಟ್ಟುಹೋದರು.

ಆಮೇಲೆ ಬಂದವರಲ್ಲಿ ಲಿಂಗರಾಜೇ ಅರಸು ಒಬ್ಬರು. ಮಾತು ಮೆತ್ತಗೆ, ನಡಿಗೆ ಠೀವಿ. ಕ್ಲಬ್ಬಿನ ಕ್ಯಾಪ್ಟನ್ ಆಗಿ ಹಾಲ್‌ನ ಹಲಗೆಯ ಮೇಲೆ ಬಂಗಾರದ ಅಕ್ಷರದಲ್ಲಿ ಹೆಸರು ಬರೆಸಿಕೊಳ್ಳಬೇಕೆಂಬುದೊಂದೇ ಅವರ ಆಸೆ. ಅವರ ಕ್ಯಾಡಿ ಗುರುಮಲ್ಲ. ನಡುವಯಸ್ಸು ದಾಟಿದ್ದರೂ ದಿಬ್ಬದ ಆಚೆ ಬಿದ್ದ ಚೆಂಡನ್ನು ಹದ್ದಿನ ಹಾಗೆ ಹುಡುಕಿ ತರುತ್ತಿದ್ದ.

ಒಂದು ಬೆಳಗ್ಗೆ ಗುಳಿಯ ಬಳಿ ಅರಸರು ಎದೆ ಹಿಡಿದುಕೊಂಡು ಕುಸಿದರು. ಗುರುಮಲ್ಲ ಬಾಯಿ ಬಡಿದುಕೊಂಡ. ಎದುರುಗಾಳಿ, ಕೂಗು ದಿಬ್ಬ ದಾಟಲಿಲ್ಲ. ಅರಸರು ಕೈಯೆತ್ತಿ ನನ್ನ ಕಡೆ ತೋರಿಸಿದರು.

"ಗಂಟೆ... ಗಂಟೆ ಹೊಡಿಯೋ, ಮಲ್ಲ."

"ಬುದ್ಧೀ, ನಾ ಹೆಂಗೆ ಮುಟ್ಲಿ?"

"ಸಾಯ್ತೀನೋ... ಹೊಡಿ!"

ಓಡಿಬಂದು ಹಗ್ಗ ಹಿಡಿದ. ಹುಚ್ಚು ಹಿಡಿದವನಂತೆ ಬಾರಿಸಿದ. ಇಷ್ಟು ಬಾರಿಸಿದರೆ ಏನೋ ಅನಾಹುತವೆಂದು ತಿಳಿದು ಓಡಿ ಬರುತ್ತಾರೆ ಎಂದುಕೊಂಡ, ಪಾಪ. ದಿಬ್ಬದ ಹಿಂದೆ ಸರದಿಗೆ ಕಾದಿದ್ದ ಆಟಗಾರರು, "ಅರಸರಿಗೆ ಇವತ್ತು ಭಾರಿ ಅವಸರ" ಎಂದು ನಕ್ಕು ಚೆಂಡು ಹೊಡೆದೇಬಿಟ್ಟರು. ನನಗೆ ಗೊತ್ತಿದ್ದುದು ಅದೊಂದೇ ಮಾತು. 'ಬೇಡ, ನಿಲ್ಲಿ' ಎನ್ನುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಚೆಂಡು ದಿಬ್ಬದ ನೆತ್ತಿಯ ಮೇಲೆ ಬರುವುದನ್ನು ಗುರುಮಲ್ಲ ಕಂಡ. ಪಕ್ಕಕ್ಕೆ ಹಾರಬಹುದಿತ್ತು. ಹಾರಲಿಲ್ಲ, ಓಡಿಹೋಗಿ ಅರಸರ ಮೇಲೆ ಬಾಗಿ, ಮುಖವೆತ್ತಿ ಚೆಂಡು ಎಲ್ಲಿ ಎಂದು ನೋಡಿದ. ಅದು ನೇರ ಎಡಗಣ್ಣಿಗೆ ಬಡಿಯಿತು. ಅವನ ಚೀರಾಟ ಮಾತ್ರ ದಿಬ್ಬ ದಾಟಿತು. ಜನ ಓಡಿಬಂದರು, ಅರಸರನ್ನು ಕಾರಿನಲ್ಲಿ ಆಸ್ಪತ್ರೆಗೆ ಸಾಗಿಸಿದರು. ಗುರುಮಲ್ಲನನ್ನು ಹುಲ್ಲು ಹೇರುವ ಗಾಡಿಯಲ್ಲಿ ಒಯ್ದರು.

ಅರಸರು ಬದುಕಿದರು. ಗುರುಮಲ್ಲನ ಕಣ್ಣು ಹೋಯಿತು. ಕ್ಲಬ್ಬಿನ ಕಮಿಟಿ ವಿಚಾರಣೆಗೆಂದು ನನ್ನ ಮುಂದೆಯೇ ಬಂದು ನಿಂತಿತು. ಗುರುಮಲ್ಲ ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಕೈಮುಗಿದು ನಿಂತಿದ್ದ.

"ಗಂಟೆ ಬಾರಿಸು ಅಂತ ನೀವು ಹೇಳಿದ್ರಾ, ಅರಸ್?" ಎಂದು ಕೇಳಿದರು ಸೆಕ್ರೆಟರಿ.

ಹೂಂ ಎಂದಿದ್ದರೆ ಸಾಕಿತ್ತು. ಗುರುಮಲ್ಲನ ಕೆಲಸ ಉಳಿಯುತ್ತಿತ್ತು, ಔಷಧದ ಖರ್ಚು ಕ್ಲಬ್ಬಿನದಾಗುತ್ತಿತ್ತು. ಆದರೆ ಒಪ್ಪಿಕೊಂಡರೆ ಅರಸರು ಒಂದು ವರ್ಷ ಹೊರಗೆ, ಕ್ಯಾಪ್ಟನ್ ಚುನಾವಣೆ ಮುಂದಿನ ತಿಂಗಳಿತ್ತು. ಅರಸರು ಹುಲ್ಲು ನೋಡುತ್ತಾ, "ನನಗೆ ಪ್ರಜ್ಞೆಯೇ ಇರಲಿಲ್ಲ. ಏನೂ ನೆನಪಿಲ್ಲ" ಎಂದರು.

"ಏನಪ್ಪಾ?" ಎಂದರು ಸೆಕ್ರೆಟರಿ ಇವನ ಕಡೆ ತಿರುಗಿ.

ಗುರುಮಲ್ಲ ಉಳಿದ ಒಂದು ಕಣ್ಣಿನಿಂದ ಅರಸರನ್ನೇ ನೋಡಿದ. "ಬುದ್ಧಿಯೋರು ಹೇಳ್ದಂಗೇ ಇರ್ಬೌದು ಬುಡಿ" ಎಂದ. ಅಂದೇ ಅವನನ್ನು ಗೇಟಿನ ಹೊರಗೆ ಕಳಿಸಿದರು. ನನ್ನ ಕಂಚೆಲ್ಲ ಉರಿದುಹೋಯಿತು. ಥೂ, ಇವರ ಠೀವಿಗಿಷ್ಟು!

ಅರಸರು ಕ್ಯಾಪ್ಟನ್ ಆದರು. ದಿಬ್ಬ ಅಪಾಯವೆಂದು ಅದನ್ನು ನೆಲಸಮ ಮಾಡಿಸಿದ್ದೂ ಅವರೇ. ಕೆಲಸವಿಲ್ಲದ ನನ್ನನ್ನು ತಂದು ಬಾರ್ ಪಕ್ಕದ ಜಗಲಿಗೆ ತೂಗುಹಾಕಿದರು. ವರ್ಷಗಳು ಕಳೆದವು. ಅರಸರು ಸಂಜೆ ನನ್ನಿಂದ ದೂರದ ಕುರ್ಚಿಯಲ್ಲೇ ಕೂರುತ್ತಿದ್ದರು. ಯಾರಾದರೂ ತಮಾಷೆಗೆ ನನ್ನನ್ನು ತಟ್ಟಿದರೆ ಎದ್ದು ಮನೆಗೆ ಹೋಗುತ್ತಿದ್ದರು.

ಕಳೆದ ಸಂಕ್ರಾಂತಿಯಾದ ಮೇಲೆ ಅವರು ತೀರಿಕೊಂಡರು. ಸದಸ್ಯರೆಲ್ಲ ಜಗಲಿಯಲ್ಲಿ ಸೇರಿದರು. ಆಳುಕಾಳುಗಳಿಗೆ, ಕೆಲಸ ಬಿಟ್ಟ ಹಳಬರಿಗೂ, ಅಂಗಳದಲ್ಲಿ ನಿಲ್ಲಲು ಅಪ್ಪಣೆಯಾಗಿತ್ತು. ಕೊನೆಯ ಸಾಲಿನಲ್ಲಿ ಗುರುಮಲ್ಲ ನಿಂತಿದ್ದ. ಮುದುಕನಾಗಿದ್ದ, ಒಗೆದ ಅಂಗಿ ತೊಟ್ಟು, ಕೈಯಲ್ಲೊಂದು ಸೇವಂತಿಗೆ ಹಾರ ಹಿಡಿದಿದ್ದ. ಯಾಕೆ ಬಂದೆಯೋ ಮಹಾರಾಯ ಎಂದು ನನ್ನ ಜೀವ ಕೂಗಿತು.

ಭಾಷಣ ಮುಗಿಯಿತು. ಅಗಲಿದವರ ಗೌರವಕ್ಕೆಂದು ಹೊಸ ಕ್ಯಾಪ್ಟನ್ ಬಂದು ನನ್ನ ಹಗ್ಗ ಎಳೆದರು. ನಾನು ಮೊಳಗಿದೆ. ಬೇಡವೆಂದರೂ ಮೊಳಗಲೇಬೇಕಲ್ಲ.

ಅಂಗಳದಲ್ಲಿ ಗುರುಮಲ್ಲ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಧೊಪ್ಪನೆ ಬೋರಲು ಬಿದ್ದ. ಹಾರ ಅವನ ಎದೆಯಡಿ ನಜ್ಜುಗುಜ್ಜಾಯಿತು. ಜಗಲಿಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಅವನು ಮೆಲ್ಲಗೆ ಎದ್ದು, ಮಂಡಿಯ ಮಣ್ಣು ಕೊಡವಿಕೊಂಡು, ಜಗಲಿಯ ಕಡೆ ಕೈಮುಗಿದ.

"ತಪ್ಪಾಯ್ತು ಬುದ್ಧೀ" ಎಂದ.