ಗಾಡಿ ತಣ್ಣಗಿದ್ದಾಗ ತಾ

ಹೆಣವನ್ನು ವ್ಯಾನಿಗೆ ಏರಿಸುವಾಗಲೂ ದಿಲೀಪ ಇಂಜಿನ್ ಬಂದ್ ಮಾಡಲಿಲ್ಲ. ಬೆಳಿಗ್ಗೆ ಆಳಂದದ ತನ್ನ ಗಲ್ಲಿ ಏಳುವ ಮೊದಲೇ ಗಾಡಿಯನ್ನು ಇಳಿಜಾರಿನಲ್ಲಿ ಉರುಳಿಸಿಕೊಂಡು ಬಯಲಿಗೆ ಹೋಗಿ, ಯಾರ ಕಿವಿಗೂ ಬೀಳದಂತೆ ಚಾಲೂ ಮಾಡಿಕೊಂಡು ಬಂದಿದ್ದ.

"ಏಯ್ ದಿಲೀಪ, ಬಂದ್ ಮಾಡೋ. ಸುಮ್ನ ಯಾಕ ಎಣ್ಣಿ ಸುಡಾಕತ್ತಿ?" ಎಂದ ಆಫ್ತಾಬ. ಸತ್ತ ಪೀರಪ್ಪನ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಜೊತೆಗೆ ದುಡಿದವನು. ಅತ್ತು ಅತ್ತು ಅವನ ಕಣ್ಣುಗಳು ಕೆಂಪಾಗಿದ್ದವು.

"ಇರ್ಲಿ ಬಿಡ್ರಿ ಭಾಯ್, ಈಗ ಹೊಂಡೋದೇ ಅದ."

ಪೀರಪ್ಪ ದಿಲೀಪನ ಮಾವ, ಹೆಂಡತಿ ಸಪ್ನಾಳ ಅಪ್ಪ. ಮೂವತ್ತು ವರ್ಷ ಮಂದಿಯ ಗಾಡಿಗಳ ಅಡಿ ಮಲಗಿದ ಮನುಷ್ಯ ತನಗೆಂದು ಒಂದು ಸೈಕಲ್ ಬಿಟ್ಟು ಏನೂ ಕೊಳ್ಳಲಿಲ್ಲ. ಉಣ್ಣಲು ಕೂತರೂ ಒಂದು ಕಿವಿ ರಸ್ತೆಯ ಮೇಲೆ. ಸದ್ದು ಕೇಳಿಯೇ ಯಾರ ಗಾಡಿ, ಏನು ಜಡ್ಡು ಎಂದು ಹೇಳಿಬಿಡುತ್ತಿದ್ದ. ಇವತ್ತು ಮಾತ್ರ ಬಿಳಿ ಬಟ್ಟೆ ಹೊದ್ದು, ಯಾವ ಸದ್ದಿಗೂ ಕಿವಿಗೊಡದೆ ಸುಮ್ಮನೆ ಮಲಗಿದ್ದ.

*

ಎರಡು ವಾರದ ಹಿಂದೆ ಪೀರಪ್ಪ ಬಾನೆಟ್ ಎತ್ತಿ ನಕ್ಕಿದ್ದ.

"ಅಳಿಯಾ, ಮತ್ತ ಬಿಸಿ ಗಾಡಿ ತಂದಿ. ಬಿಸಿ ಇದ್ದಾಗ ಇದು ಭಾಳ ಶಾಣ್ಯಾ ಗಾಡಿ."

"ಗಾಣಗಾಪುರದ ಟ್ರಿಪ್ ಮುಗಿಸ್ಕೊಂಡು ಬಂದೇನಿ ಮಾವ. ಮುಂಜಾನಿ ಅಷ್ಟೇ ಅದು ನಡಗತದ, ಬಂದ್ ಬೀಳತದ."

"ಇಂಜಿನ್ ಎಷ್ಟು ಕಾದದ ಅಂತ ಹೇಳೋ ಸೆನ್ಸರ್ ಕೆಟ್ಟಿರಬೇಕು. ತಣ್ಣಗಿದ್ರೂ ಕಾದದ ಅಂತ ಸುಳ್ಳು ಹೇಳತದ. ಆಗ ಪೆಟ್ರೋಲ್ ಕಮ್ಮಿ ಬರತದ, ಇಂಜಿನ್‌ಗ ಸಾಲಂಗಿಲ್ಲ. ಕಾದ ಮ್ಯಾಲ ಆ ಸುಳ್ಳೇ ಖರೇ ಆಗತದ. ರಾತ್ರಿ ಇಲ್ಲೇ ಬಿಟ್ಟು ಹೋಗು, ತಣ್ಣಗಿದ್ದಾಗ ನೋಡಿ ಹಾಕತೇನಿ."

ಮರುವಾರ ಕಲಬುರಗಿಯಿಂದ ತಾನೇ ಸಾಮಾನು ತರಿಸಿ, ಚಿಕ್ಕ ಡಬ್ಬಿಯ ಮೇಲೆ 'ದಿಲೀಪ' ಎಂದು ಬರೆದು ಕೈಗಿಟ್ಟಿದ್ದ. ಗಾಡಿ ಬಿಟ್ಟರೆ ಬೆಳಗಿನ ಟ್ರಿಪ್ ತಪ್ಪುತ್ತದಲ್ಲ. ನಾಳೆ ನೋಡೋಣ ಎಂದು ದಿಲೀಪ ಡಬ್ಬಿಯನ್ನು ಡ್ಯಾಶ್‌ಬೋರ್ಡಿನ ಖಾನೆಗೆ ಹಾಕಿದ. ಅದರ ಬಾಗಿಲು ಸಡಿಲ. ಕಾಗದ ಮಡಚಿ ಸಿಗಿಸಿದ.

*

ನಿನ್ನೆ ನಸುಕಿನಲ್ಲಿ ಅತ್ತೆ ರಮಾಬಾಯಿಯ ಫೋನು ಬಂತು. "ನಿಮ್ಮ ಮಾವಗ ಎದಿ ಹಿಡದದ, ಲಗೂನ ಬಾ." ಹಿಂದಿನ ಗಲ್ಲಿಯಲ್ಲೇ ಮಾವನ ಮನೆ. ವ್ಯಾನು ಚಾಲೂ ಆಯಿತು, ಗಡಗಡ ನಡುಗಿತು, ಬಂದ್ ಬಿತ್ತು. ಮತ್ತೆ ಕೀಲಿ ತಿರುವಿದ, ಮತ್ತೆ ಬಂದ್. ಬೆವರಿದ ಕೈಯಲ್ಲಿ ಕೀಲಿ ಜಾರುತ್ತಿತ್ತು. ಮಾವನ ಬಾಗಿಲಿಗೆ ಹೋಗಿ ನಿಲ್ಲುವಷ್ಟರಲ್ಲಿ ಹದಿನೈದು ನಿಮಿಷವಾಗಿತ್ತು.

"ಗಲ್ಲಿಗಿ ಲಾರಿ ಅಡ್ಡ ನಿಂತಿತ್ತು ಅತ್ತಿ," ಎಂದಿದ್ದ.

ಅವಳು ಗಂಡನ ತೋಳು ಹಿಡಿದು ವ್ಯಾನ್ ಹತ್ತಿಸಿದಳು. ದವಾಖಾನೆಯಲ್ಲಿ ಡಾಕ್ಟರು, ಸ್ವಲ್ಪ ಮುಂಚೆ ತಂದಿದ್ದರೆ ನೋಡಬಹುದಿತ್ತು ಎಂದರು.

*

ಪೀರಪ್ಪನ ಊರು ಕಿಣ್ಣಿ ಸುಲ್ತಾನದ ಹೊಲದಲ್ಲಿ, ತೊಗರಿ ಕೊಯ್ದ ಜಾಗದಲ್ಲಿ ಕುಣಿ ತೋಡಿದ್ದರು. ಮೇಣದ ಬತ್ತಿ ಹಚ್ಚಿ ಬುದ್ಧನ ತ್ರಿಶರಣ ಹೇಳಲು ಜನ ಕೈ ಮುಗಿದು ನಿಂತಾಗ ಆಫ್ತಾಬ ಬಂದು, ಕಿಟಕಿಯೊಳಗೆ ಕೈ ಹಾಕಿ ಇಂಜಿನ್ ಬಂದ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡ.

ಮಣ್ಣು ಕೊಟ್ಟ ಮೇಲೆ ದಿಲೀಪ ಬಾನೆಟ್ ಮುಟ್ಟಿದ. ಕೈ ಸುಟ್ಟಿತು, ಜೀವಕ್ಕೆ ಸಮಾಧಾನವಾಯಿತು. ಸ್ನಾನ ಮುಗಿಸಿ ಬಂದು ಮುಟ್ಟಿದ. ಬೆಚ್ಚಗಿತ್ತು.

"ಭಾಯ್, ಕೀಲಿ ಕೊಡ್ರಿ."

"ಎಲ್ಲಿ ಓಡಾಕತ್ತಿ? ಮನಿ ಅಳಿಯ ನೀನು. ಮಂದಿ ಮಾತಾಡ್ಸಾಕ ಬರಾಕತ್ತಾರ, ಕೂಡು."

ದಿಲೀಪ ಕೂತ. ಯಾರೋ ಬೆನ್ನು ಸವರಿ, ಪಾಪ, ಮಾವನ ಮೇಲೆ ಎಷ್ಟು ಜೀವ ಎಂದರು. ಅವನ ಕಣ್ಣು ಬಾನೆಟ್ ಬಿಟ್ಟು ಕದಲಲಿಲ್ಲ. ನಾಲ್ಕು ಗಂಟೆಗೆ ನೆರಳು ವ್ಯಾನಿನ ಮೇಲೆ ಬಂತು. ಹೊತ್ತು ಮುಳುಗುವಾಗ ಮುಟ್ಟಿ ನೋಡಿದ. ತಗಡು ತಣ್ಣಗಿತ್ತು.

ಸಪ್ನಾ ಮತ್ತು ಉಳಿದವರು ಟೆಂಪೋದಲ್ಲಿ ಮುಂದೆ ಹೋದರು. ಆಫ್ತಾಬ ಕೀಲಿ ಕೊಟ್ಟು ಬೈಕ್ ಹತ್ತಿದ. ರಮಾಬಾಯಿ ಬಂದು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಳು.

"ನಡಿ. ಅವ್ರು ಮಲಗಿದ್ದ ಜಾಗಾದಾಗ ದೀಪ ಹಚ್ಚಬೇಕು."

"ಟೆಂಪೋದಾಗ ಹೋಗಿದ್ರ ಅರಾಮ ಇತ್ತು ಅತ್ತಿ."

"ಇದರಾಗೇ ಬರತೇನಿ."

ಕೀಲಿ ತಿರುವಿದ. ಇಂಜಿನ್ ಹತ್ತಿತು, ನಡುಗಿತು, ಬಂದ್ ಬಿತ್ತು. ರಮಾಬಾಯಿ ಮುಂದೆಯೇ ನೋಡುತ್ತ ತೊಡೆಯ ಮೇಲಿನ ಬಲಗೈಯ ಕಿರುಬೆರಳು ಮಡಚಿದಳು.

ಎರಡನೇ ಸಲವೂ ಬಂದ್. ಇನ್ನೊಂದು ಬೆರಳು ಮಡಚಿತು.

ಮೂರನೇ ಸಲ. ಮತ್ತೆ ಬಂದ್, ಮೂರನೇ ಬೆರಳು. ಈಗ ಹೇಳಲು ಇಲ್ಲಿ ಯಾವ ಲಾರಿಯೂ ಇರಲಿಲ್ಲ.

ನಾಲ್ಕನೇ ಸಲ ಇಂಜಿನ್ ಹತ್ತಿತು. ಎಕ್ಸಿಲೇಟರ್ ಒತ್ತಿಯೇ ಹಿಡಿದ. ಇಡೀ ಗಾಡಿ ನಡುಗುತ್ತಿತ್ತು.

"ನಿಮ್ಮ ಮಾವ ಹಾಸಿಗ್ಯಾಗ ಮಲ್ಕೊಂಡು ಎಲ್ಲಾ ಕೇಳಿದ್ರು," ಎಂದಳು ರಮಾಬಾಯಿ. "ನಮ್ಮ ದಿಲೀಪನ ಗಾಡಿ, ಇನ್ನೂ ಸಾಮಾನು ಹಾಕ್ಸಿಲ್ಲ ನೋಡು, ಅಂದ್ರು. ಒಂದೊಂದ ಸಲಕ್ಕೂ ಬೆರಳು ಮಡಚಿದ್ರು."

ಅವಳು ಉಳಿದ ಎರಡು ಬೆರಳನ್ನೂ ನಿಧಾನವಾಗಿ ಮಡಚಿದಳು.

"ನಿನ್ನಿ ಐದು."

ಖಾನೆಗೆ ಸಿಗಿಸಿದ್ದ ಕಾಗದ ಆ ನಡುಕಕ್ಕೆ ಸರಿದು ಬಿತ್ತು. ಬಾಗಿಲು ತೆರೆದುಕೊಂಡು ಡಬ್ಬಿ ಅವಳ ಬಿಳಿ ಸೀರೆಯ ಮಡಿಲಿಗೆ ಬಿದ್ದು, ಮಾವ ಬರೆದ ಹೆಸರು ಮೇಲಾಗಿ, ಅಂಟಿಸಿದ ಟೇಪು ಹಾಗೇ ಇದ್ದು, ಇಂಜಿನ್ ಜೊತೆ ನಡುಗತೊಡಗಿತು.