ನೇರ ಹಿಡಿದ ಸ್ಟೇರಿಂಗ್

ಏಳು ತಿಂಗಳಿಂದ ಒಚ್ಚಪ್ಪನ ಜೀಪು ಎಡಕ್ಕೆ ಎಳೆಯುತ್ತಿತ್ತು.

ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿಯಿಂದ ಆಚೆ, ಬೆಟ್ಟದ ಬುಡದಲ್ಲಿ ನಮ್ಮ ಊರು. ಬೆಳಗ್ಗೆ ಐದೂವರೆಗೆ ಹತ್ತು ಹನ್ನೆರಡು ಜೀಪುಗಳು ಹೆಂಗಸರನ್ನು ಹತ್ತಿಸಿಕೊಂಡು ಘಾಟಿ ಏರುತ್ತವೆ. ಮೇಲೆ ಏಲಕ್ಕಿ ತೋಟಗಳಿವೆ. ಸಂಜೆ ಅದೇ ದಾರಿಯಲ್ಲಿ ಇಳಿಯುತ್ತವೆ. ಇಳಿಯುವಾಗ ಕಣಿವೆ ಎಡಗಡೆ.

ಒಚ್ಚಪ್ಪನ ಹೆಂಡತಿ ವೀರಾಯಿಯೂ ತೋಟದ ಕೆಲಸಕ್ಕೆ ಹೋಗುವವಳೇ. ಅವಳ ಜಾಗ ಮುಂದೆ, ಗಂಡನ ಪಕ್ಕದಲ್ಲಿ. ನಮ್ಮ ಕಡೆ ಗಂಡನನ್ನೂ ಭಾವನನ್ನೂ ಮಾಮ ಎಂದೇ ಕರೆಯುವುದು. ಒಂದು ದಿನ ಅವಳು ಕೇಳಿದಳು.

“ಮಾಮ, ರಸ್ತೆ ನೆಟ್ಟಗಿದೆ. ಸ್ಟೇರಿಂಗ್ ಯಾಕೆ ಬಲಕ್ಕೆ ತಿರುಗಿದೆ?”

“ಎಲ್ಲಿ ತಿರುಗಿದೆ?”

“ನೀನೇ ನೋಡು. ನಡುವಿನ ಪಟ್ಟಿ ಓರೆಯಾಗಿದೆ.”

“ಗಾಡಿ ಅಂದ್ಮೇಲೆ ಒಂದು ಗುಣ ಇರುತ್ತೆ ಕಣೇ. ಹೆಂಡ್ತಿಗೆ ಇರಲ್ವಾ?”

ಹಿಂದಿನ ಸೀಟಿನಿಂದ ಚೆಲ್ಲತ್ತಾಯಿ ಬಾಯಿ ಹಾಕಿದಳು. ದಾರಿಯುದ್ದಕ್ಕೂ ಎಲ್ಲರನ್ನೂ ನಗಿಸುವವಳು ಅವಳೇ. “ಹೆಂಡ್ತಿ ಗುಣ ಬಿಡಣ್ಣ. ನಿನ್ನ ಜೀಪು ಯಾವಾಗ್ಲೂ ಹಳ್ಳದ ಕಡೇನೇ ನೋಡುತ್ತೆ. ಅಲ್ಲೇನು ಅದಕ್ಕೆ ತವರು ಮನೆನಾ?”

ಹೆಂಗಸರು ನಕ್ಕರು. ಒಚ್ಚಪ್ಪನೂ ನಕ್ಕ. ನಗುತ್ತಲೇ ಅವನ ಬಲಗೈ ಸ್ಟೇರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿತು. ಅದು ಅವನ ಅರಿವಿಗೆ ಬರಲಿಲ್ಲ.

ಬೇಸಿಗೆಯ ಮಳೆಯಲ್ಲಿ ಘಾಟಿಯ ಮೇಲಿಂದ ಉರುಳಿಬಿದ್ದಿದ್ದ ಒಂದು ಕಲ್ಲಿಗೆ ಎಡಗಡೆಯ ಮುಂದಿನ ಚಕ್ರ ಬಡಿದಿತ್ತು. ಚಕ್ರ ಹಿಡಿದಿರುವ ಬಾಗಿದ ಕಂಬಿಯನ್ನು ಊರಿನ ಕಮ್ಮಾರ ಕಣ್ಣಳತೆಯಲ್ಲೇ ನೇರ ಮಾಡಿಕೊಟ್ಟಿದ್ದ. ಮೊದಮೊದಲು ಜೀಪು ಎಡಕ್ಕೆ ಹೋಗುವುದು ಒಚ್ಚಪ್ಪನಿಗೆ ಗೊತ್ತಾಗುತ್ತಿತ್ತು. ಒಂದು ತಿಂಗಳಾದ ಮೇಲೆ ಗೊತ್ತಾಗುವುದು ನಿಂತಿತು. ಜೀಪು ಸರಿಹೋಗಿರಲಿಲ್ಲ. ಅವನ ಕೈ ಒಗ್ಗಿಹೋಗಿತ್ತು.

ಬಸ್ ನಿಲ್ದಾಣದ ಹತ್ತಿರ ಗ್ಯಾರೇಜು ಇಟ್ಟಿರುವ ಮೈದೀನ್ ಭಾಯ್ ಒಂದು ಬೆಳಗ್ಗೆ ಚಹಾದಂಗಡಿಯ ಮುಂದೆ ನಿಂತು ಜೀಪನ್ನು ನೋಡಿದ. ಬಗ್ಗಿ ನೋಡಿದ. ಆಮೇಲೆ ಹಿಂದೆ ಹೋಗಿ ನೋಡಿದ.

“ಒಚ್ಚಪ್ಪಾ, ನಿನ್ನ ಎಡಚಕ್ರ ಒಂದು ಬೆರಳು ಹಿಂದಕ್ಕೆ ಹೋಗಿದೆ. ತೇನಿಗೆ ಹೋಗಿ ಅಲೈನ್‌ಮೆಂಟ್ ಮಾಡಿಸ್ಕೊಂಡು ಬಾ.”

“ಅದೆಲ್ಲ ಕಾರಿನವರ ಶೋಕಿ ಭಾಯ್. ಇದು ಬೆಟ್ಟದ ಗಾಡಿ.”

“ಕಾರಿಗೂ ನಾಲ್ಕೇ ಚಕ್ರ. ನಿನಗೂ ನಾಲ್ಕೇ. ನಡಿ ನೋಡೋಣ ಹತ್ತು ಹೆಜ್ಜೆ.”

“ಏನು?”

“ಎಡಪಾದ ಹೊರಗೆ ತಿರುಗಿಸ್ಕೊಂಡು ನಡಿ ಅಂದೆ.”

ಕೈಯಲ್ಲಿದ್ದ ಉದ್ದಿನವಡೆಯನ್ನು ಕೆಳಗಿಡದೆ ಒಚ್ಚಪ್ಪ ನಾಲ್ಕು ಹೆಜ್ಜೆ ಹಾಕಿದ. ಚಪ್ಪಲಿ ಕರಕರ ಸದ್ದು ಮಾಡಿತು.

“ಕೇಳಿಸ್ತಾ? ನಡೀತಿಲ್ಲ ನೀನು, ಉಜ್ಜುತಿದೀಯ. ಮುಂದಿನ ಎರಡು ಚಕ್ರಾನೂ ಎರಡು ಪಾದ ಇದ್ದ ಹಾಗೆ. ಎರಡೂ ಸರಿಯಾಗಿ ಮುಂದೆ ನೋಡಬೇಕು. ಒಂದು ಎತ್ತ ಕಡೆಗೋ ನೋಡಿದ್ರೆ ಟೈರ್ ರಸ್ತೆಗೆ ಉಜ್ಜುತ್ತೆ, ಗಾಡಿ ಆಕಡೆ ಈಕಡೆ ಅಲೆಯುತ್ತೆ. ಇದು ಒಂದು ಕೋನ.”

“ಇನ್ನೂ ಇದ್ಯಾ?”

“ಇನ್ನೆರಡು ಇದೆ. ತಲೆ ಮೇಲೆ ಕೊಡ ಹೊತ್ತವಳು ನೆಟ್ಟಗೆ ನಿಂತ್ರೆ ಭಾರ ಇಡೀ ಪಾದದ ಮೇಲೆ ಬೀಳುತ್ತೆ. ವಾಲಿ ನಿಂತ್ರೆ ಪಾದದ ಅಂಚಿನ ಮೇಲೆ. ಚಕ್ರಾನೂ ಹಾಗೇ. ಒಳಕ್ಕೋ ಹೊರಕ್ಕೋ ಜಾಸ್ತಿ ವಾಲಿದ್ರೆ ಟೈರಿನ ಅಂಚು ಮಾತ್ರ ನೆಲ ಹಿಡಿಯುತ್ತೆ. ಒದ್ದೆ ರಸ್ತೇಲಿ ಅಂಚು ಸಾಲಲ್ಲ. ಇನ್ನೊಂದು, ಸೈಕಲ್ ಕೈ ಬಿಟ್ಟು ಓಡ್ಸಿದೀಯಲ್ಲ ಚಿಕ್ಕೋನಿದ್ದಾಗ? ನೇರ ಹೋಗ್ತಿತ್ತು, ಯಾಕೆ? ಮುಂದಿನ ಚಕ್ರ ಹಿಡಿದಿರೋ ಕವಲು ಹಿಂದಕ್ಕೆ ವಾಲಿರುತ್ತೆ. ಆ ವಾಲು ಇದ್ರೆ ಚಕ್ರ ತಾನಾಗೇ ನೇರಕ್ಕೆ ಬರುತ್ತೆ. ಜೀಪಿಗೂ ಆ ವಾಲು ಬೇಕು. ತಿರುವು ಮುಗಿದ್ಮೇಲೆ ನಿನ್ನ ಸ್ಟೇರಿಂಗ್ ತಾನಾಗೇ ವಾಪಸ್ ಬರುತ್ತಾ?”

ಒಚ್ಚಪ್ಪ ವಡೆ ತಿಂದು ಮುಗಿಸಿದ. “ನಾನು ತರ್ತೀನಿ ಭಾಯ್. ಇಪ್ಪತ್ತೆರಡು ವರ್ಷ ಆಯ್ತು, ಈ ಘಾಟೀಲಿ ಯಾರನ್ನೂ ಬೀಳಿಸಿಲ್ಲ.”

“ನೀನು ಬೀಳಿಸಲ್ಲ. ಅದೇ ನನಗೆ ಭಯ,” ಎಂದ ಮೈದೀನ್.

ಆ ಮಾತಿನ ಅರ್ಥವನ್ನು ಒಚ್ಚಪ್ಪ ಕೇಳಲಿಲ್ಲ. ತೇನಿಗೆ ಹೋದರೆ ಒಂದು ದಿನ ಹಾಳು, ಹೆಂಗಸರಿಗೂ ಕೆಲಸ ತಪ್ಪುತ್ತದೆ ಎಂದು ಹೇಳಿ ಜೀಪು ಹತ್ತಿದ. ವೀರಾಯಿ ಮತ್ತೆ ಎರಡು ಸಲ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಓರೆಯಾದ ಆ ಪಟ್ಟಿ ಅವಳ ಕಣ್ಣಿಗೂ ನೇರವಾಗಿಯೇ ಕಾಣತೊಡಗಿತ್ತು.

ಕಾರ್ತಿಕದಲ್ಲಿ ಒಚ್ಚಪ್ಪನಿಗೆ ಜ್ವರ ಬಂತು. ನಾಲ್ಕನೇ ದಿನವೂ ಏಳಲಾಗಲಿಲ್ಲ. ಅಂದು ಶನಿವಾರ. ವೀರಾಯಿಯ ತಮ್ಮ ಸಿವನಾಂಡಿ ಬೋಡಿಯಿಂದ ಬಂದ. ಅವನು ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಾನೆ, ಆ ದಿನ ಶಾಲೆಗೆ ರಜೆ. ಹನ್ನೊಂದು ವರ್ಷದಲ್ಲಿ ಒಂದು ಗೀರೂ ಬೀಳಿಸಿಕೊಂಡವನಲ್ಲ.

“ಮಾಮ, ಇವತ್ತು ನಾನು ಹೋಗಿ ಬರ್ತೀನಿ. ಗಾಡೀಲಿ ಏನಾದ್ರೂ ಇದ್ರೆ ಹೇಳಿ.”

“ಏನಿಲ್ಲ. ಬ್ರೇಕ್ ಚೆನ್ನಾಗಿದೆ. ಎರಡನೇ ಗೇರ್ ಸ್ವಲ್ಪ ಬಿಗಿ, ಅಷ್ಟೇ.”

ಒಚ್ಚಪ್ಪ ಸುಳ್ಳು ಹೇಳಲಿಲ್ಲ. ಹೇಳಬೇಕಾದ್ದೊಂದು ಇದೆ ಎಂದು ಅವನಿಗೆ ತೋಚಲೇ ಇಲ್ಲ. ಗಂಡ ಹೇಳಿರುತ್ತಾನೆ ಎಂದುಕೊಂಡಳು ವೀರಾಯಿ. ಅವಳು ಆ ದಿನ ಗಂಡನ ಹತ್ತಿರವೇ ಉಳಿದಳು. ಅಕ್ಕನೇ ತಮ್ಮನಿಗೆ ಹೇಳಿರುತ್ತಾಳೆ ಎಂದುಕೊಂಡರು ಹೆಂಗಸರು. ಮುಂದಿನ ಸೀಟು ಖಾಲಿ ಇತ್ತು. ಚೆಲ್ಲತ್ತಾಯಿ ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಅಲ್ಲಿ ಕುಳಿತಳು.

“ಇವತ್ತು ನಾನೇ ಮಹಾರಾಣಿ. ಮೆಲ್ಲಗೆ ಹೊಡಿಯೋ ಸಿವನಾಂಡಿ, ನಾವು ನಿನ್ನ ಶಾಲೆ ಮಕ್ಕಳಿಗಿಂತ ಹೆಚ್ಚು ಗಲಾಟೆ ಮಾಡ್ತೀವಿ.”

ಬೆಳಗ್ಗೆ ಏರುವಾಗ ವೇಗವಿರಲಿಲ್ಲ. ಹಳೇ ಜೀಪು, ಸ್ಟೇರಿಂಗ್ ಭಾರ ಎಂದಷ್ಟೇ ಸಿವನಾಂಡಿಗೆ ಅನಿಸಿತು. ಸಂಜೆ ಇಳಿಯುವಾಗ ತುಂತುರು ಹನಿಯುತ್ತಿತ್ತು. ಒಂಬತ್ತನೇ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಸಿವನಾಂಡಿ ಬ್ರೇಕ್ ಒತ್ತಿದ, ಬಸ್ಸಿಗೆ ದಾರಿ ಬಿಟ್ಟ, ಸ್ಟೇರಿಂಗನ್ನು ನೇರ ಹಿಡಿದ. ಹನ್ನೊಂದು ವರ್ಷ ಅವನ ಕೈ ಕಲಿತದ್ದು ಅಷ್ಟೇ, ಅದು ಸರಿಯಾದದ್ದೇ. ಬೇರೆ ಯಾವ ಗಾಡಿಯಾದರೂ ರಸ್ತೆಯಲ್ಲೇ ನಿಲ್ಲುತ್ತಿತ್ತು.

ಇದು ಎಡಕ್ಕೆ ಹೋಯಿತು.

ಮೂವತ್ತು ಅಡಿ ಕೆಳಗೆ ಒಂದು ಬೂರುಗದ ಮರ ಜೀಪನ್ನು ತಡೆದು ನಿಲ್ಲಿಸಿತು. ಹನ್ನೊಂದು ಮಂದಿ ಹೆಂಗಸರಿಗೆ ಗಾಯವಾಯಿತು. ಸಿವನಾಂಡಿಯ ಬಲಗಾಲು ಎರಡು ಕಡೆ ಮುರಿಯಿತು. ಚೆಲ್ಲತ್ತಾಯಿಯನ್ನು ಮೇಲಕ್ಕೆ ತರುವ ಹೊತ್ತಿಗೆ ಉಸಿರಿರಲಿಲ್ಲ.

ಊರು ತನ್ನ ತೀರ್ಪನ್ನು ಎರಡು ದಿನದಲ್ಲಿ ಹೇಳಿ ಮುಗಿಸಿತು. ಬಯಲಲ್ಲಿ ವ್ಯಾನು ಓಡಿಸುವವನಿಗೆ ಬೆಟ್ಟ ಯಾಕೆ ಬೇಕಿತ್ತು, ನಿದ್ದೆ ಹೋಗಿದ್ದನಂತೆ, ಫೋನು ನೋಡುತ್ತಿದ್ದನಂತೆ. ನಮ್ಮೂರಲ್ಲೇ ಇರುವ ಸಿವನಾಂಡಿಯ ತಾಯಿ ಜನರ ಮಾತಿಗೆ ಅಂಜಿ ಬೀದಿಯ ನಲ್ಲಿಗೆ ನೀರಿಗೆ ಹೋಗುವುದನ್ನು ನಿಲ್ಲಿಸಿದಳು.

ಮೈಯಲ್ಲಿ ಇನ್ನೂ ನಿತ್ರಾಣ ಇರುವಾಗಲೇ ಒಚ್ಚಪ್ಪ ತೇನಿಯ ಆಸ್ಪತ್ರೆಗೆ ಹೋದ. ಸಿವನಾಂಡಿ ಚಾವಣಿ ನೋಡುತ್ತ ಮಲಗಿದ್ದ.

“ಮಾಮ, ನಾನು ಎಲ್ಲಿ ತಪ್ಪಿದೆ?”

ಒಚ್ಚಪ್ಪ ಅವನ ಹೊದಿಕೆ ಸರಿಮಾಡಿದ.

“ಸ್ಟೇರಿಂಗ್ ನೇರ ಹಿಡಿದಿದ್ದೆ ಮಾಮ. ದಿನಾ ನೆನೆಸ್ಕೋತೀನಿ. ನೇರಾನೇ ಹಿಡಿದಿದ್ದೆ. ಆ ಅಕ್ಕನ್ನ ನಾನೇ ಸಾಯಿಸಿದ್ನಾ?”

ಒಚ್ಚಪ್ಪ ಕಿಟಕಿಯ ಕಡೆ ತಿರುಗಿ ನಿಂತ. ಆಮೇಲೆ ಹೊರಗೆ ಬಂದ. ಬಸ್ಸಿನಲ್ಲಿ ಕುಳಿತಾಗ ತನ್ನ ಬಲಗೈಯನ್ನೇ ನೋಡಿಕೊಂಡ. ಏಳು ತಿಂಗಳು ಅದು ಏನನ್ನು ಹಿಡಿದಿಟ್ಟುಕೊಂಡಿತ್ತು ಎಂಬುದು ಅವನಿಗೆ ಮೊದಲ ಸಲ ಹೊಳೆಯಿತು. ಆದರೂ ನಂಬಲು ಮನಸ್ಸಾಗಲಿಲ್ಲ. ನಂಬಿದರೆ ಉಳಿದದ್ದನ್ನೂ ನಂಬಬೇಕಾಗುತ್ತಿತ್ತು.

ಮುರಿದ ಜೀಪನ್ನು ಮೈದೀನನ ಗ್ಯಾರೇಜಿನ ಹಿಂದೆ ತಂದು ಹಾಕಿದ್ದರು. ಒಚ್ಚಪ್ಪ ಅಲ್ಲಿಗೆ ಹೋದ.

“ಭಾಯ್, ಬಿದ್ದ ಏಟಿಗೇ ಚಕ್ರ ಓರೆ ಆಗಿರಬಹುದಲ್ವಾ?”

“ಆಗಿರಬಹುದು. ಕಬ್ಬಿಣ ಒಂದೇ ಏಟಿಗೆ ಬಾಗುತ್ತೆ. ಆದ್ರೆ ಟೈರ್ ಒಂದೇ ಏಟಿಗೆ ಸವೆಯಲ್ಲ. ಕೈ ಇಡು ಇಲ್ಲಿ.”

ಎಡಗಡೆಯ ಮುಂದಿನ ಟೈರಿನ ಮೇಲೆ ಮೈದೀನ್ ಅವನ ಅಂಗೈ ಇರಿಸಿ ಅಡ್ಡಲಾಗಿ ಎಳೆದ. ಹೊರಗಿನಿಂದ ಒಳಕ್ಕೆ ಎಳೆದಾಗ ನುಣುಪಾಗಿತ್ತು. ಒಳಗಿನಿಂದ ಹೊರಕ್ಕೆ ಎಳೆದಾಗ ಗರಗಸದ ಹಲ್ಲಿನಂತೆ ಅಂಗೈಗೆ ತಗುಲಿತು.

“ತಿಂಗಳುಗಟ್ಟಲೆ ಅಡ್ಡಡ್ಡ ಉಜ್ಜಿದ್ರೆ ಹೀಗಾಗುತ್ತೆ. ಇದನ್ನ ನೀನು ತಿರುಗಿಸಿ ಹಾಕ್ಸಿದ್ದೆ ಅಲ್ವಾ?”

“ಹೂಂ. ಒಳಗಿನ ಅಂಚು ಸವೆದಿತ್ತು. ರಿಮ್ಮಿಂದ ಬಿಚ್ಚಿ ಒಳಗಿದ್ದದ್ದು ಹೊರಗೆ ಬರೋ ಹಾಗೆ ಹಾಕ್ಸಿದೆ. ಇಲ್ಲಿ ಎಲ್ಲರೂ ಮಾಡ್ತಾರೆ.”

“ಎಲ್ಲರೂ ಮಾಡ್ತಾರೆ. ಟೈರ್ ನಿನಗೆ ಏನೋ ಹೇಳ್ತಿತ್ತು ಒಚ್ಚಪ್ಪ. ನೀನು ಅದರ ಮುಖ ತಿರುಗಿಸಿದೆ.”

ಒಚ್ಚಪ್ಪ ಟೈರಿನಿಂದ ಕೈ ತೆಗೆದ.

ಚೆಲ್ಲತ್ತಾಯಿಯ ಹದಿನಾರನೇ ದಿನದ ತಿಥಿ ಊಟಕ್ಕೆ ಊರು ಸೇರಿತ್ತು. ಎಲೆ ಹಾಕುವ ಮುಂಚೆ ಒಚ್ಚಪ್ಪ ಚಪ್ಪರದ ನಡುವೆ ಬಂದು ನಿಂತ. ವೀರಾಯಿ ಅವನ ಪಕ್ಕದಲ್ಲಿ ನಿಂತಳು.

“ತಪ್ಪು ಸಿವನಾಂಡಿದಲ್ಲ. ಗಾಡಿ ಏಳು ತಿಂಗಳಿಂದ ಎಡಕ್ಕೆ ಎಳೀತಿತ್ತು. ಮೈದೀನ್ ಭಾಯ್ ಹೇಳಿದ್ರು, ಇವಳು ಹೇಳಿದ್ಲು. ನಾನು ಮಾಡಿಸ್ಲಿಲ್ಲ. ಕೊಡುವಾಗ ಅವನಿಗೆ ಹೇಳ್ಲೂ ಇಲ್ಲ. ಠಾಣೇಲೂ ಇದನ್ನೇ ಬರೆಸಿ ಬಂದಿದೀನಿ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಚೆಲ್ಲತ್ತಾಯಿಯ ಗಂಡ ಒಂದೇ ಮಾತು ಕೇಳಿದ. “ಎಷ್ಟು ಹೊತ್ತಿನ ಕೆಲಸ ಅದು?”

“ಒಂದು ಗಂಟೆ,” ಎಂದ ಮೈದೀನ್.

ಮರುದಿನ ಒಚ್ಚಪ್ಪ ಆಸ್ಪತ್ರೆಯಲ್ಲೂ ಅದನ್ನೇ ಹೇಳಿದ. ಸಿವನಾಂಡಿ ಅಳಲಿಲ್ಲ. “ಒಂದು ಮಾತು ಹೇಳಿದ್ದಿದ್ರೆ ನಾನು ಗಾಡಿ ಮುಟ್ತಿರ್ಲಿಲ್ಲ ಮಾಮ,” ಎಂದು ಗೋಡೆಯ ಕಡೆ ಹೊರಳಿದ.

ಆ ವಾರ ತೋಟದ ಕೆಲಸಕ್ಕೆ ಹೋಗುವ ನಮ್ಮ ಸಂಘದ ಹೆಂಗಸರು ಅಲೈನ್‌ಮೆಂಟ್ ಆಗದ ಜೀಪು ಹತ್ತುವುದಿಲ್ಲ ಎಂದರು. ಒಂದು ದಿನ ಯಾರೂ ತೋಟಕ್ಕೆ ಹೋಗಲಿಲ್ಲ. ಜೀಪುಗಳೆಲ್ಲ ಸಾಲಾಗಿ ತೇನಿಗೆ ಹೋದವು. ಅವುಗಳಲ್ಲಿ ನಾಲ್ಕರ ಚಕ್ರಗಳು ಓರೆಯಾಗಿದ್ದವು. ನಾಲ್ವರು ಚಾಲಕರೂ ಹೇಳಿದ್ದು ಒಂದೇ ಮಾತು: ನನಗೆ ಗೊತ್ತೇ ಆಗಿರಲಿಲ್ಲ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮದು ಕಾರಾಗಲಿ ಜೀಪಾಗಲಿ ವ್ಯಾನಾಗಲಿ, ವರ್ಷಕ್ಕೊಮ್ಮೆಯಾದರೂ ಚಕ್ರಗಳ ಕೋನ ಅಳೆಸಿ. ಕಲ್ಲಿಗೋ ಗುಂಡಿಗೋ ಬಲವಾಗಿ ಬಡಿದರೆ ವರ್ಷ ಕಾಯಬೇಡಿ, ಕಣ್ಣಳತೆಯ ರಿಪೇರಿಯನ್ನು ನಂಬಬೇಡಿ. ಟೈರು ಒಂದೇ ಅಂಚಿನಲ್ಲಿ ಸವೆದರೆ ತಿರುಗಿಸಿ ಹಾಕಿಸುವ ಮೊದಲು ಯಾಕೆ ಸವೆಯಿತು ಎಂದು ಕೇಳಿ. ನೀವು ಓಡಿಸುವವರಲ್ಲ, ಕುಳಿತು ಹೋಗುವವರಾದರೂ ನೇರ ರಸ್ತೆಯಲ್ಲಿ ಸ್ಟೇರಿಂಗ್ ಓರೆಯಾಗಿ ಕಂಡರೆ ಸುಮ್ಮನಿರಬೇಡಿ. ನಕ್ಕು ಮರೆಯಬೇಡಿ, ಇನ್ನೊಬ್ಬರು ಹೇಳಿರುತ್ತಾರೆ ಎಂದುಕೊಳ್ಳಬೇಡಿ.

ನಿಮ್ಮ ಗಾಡಿ ನಿಮ್ಮ ಕೈಯಲ್ಲಿ ನೇರ ಹೋಗುತ್ತಿರಬಹುದು. ನಾಳೆ ನಿಮಗೆ ಜ್ವರ ಬಂದರೆ ಅದನ್ನು ಹಿಡಿಯುವುದು ನಿಮ್ಮ ಮಗನೋ, ತಮ್ಮನೋ, ಮೈದುನನೋ. ಅವನಿಗಾಗಿ ಒಂದು ಗಂಟೆ ಕೊಡಿ.