ತಟ್ಟೆ ಎತ್ತಿದ ಮೇಲಿನ ಹೊತ್ತು

ಕಿತ್ತಳೆ ಸುಲಿಯುವಷ್ಟರಲ್ಲಿ ಹೇಳಿಬಿಡಬೇಕು ಎಂದುಕೊಂಡಿದ್ದ. ಸುಲಿದಾಯಿತು, ತಿಂದೂ ಆಯಿತು. ಎಲಾದಿಯೋ ಈಗ ಸಿಪ್ಪೆಯನ್ನು ಚೂರು ಮಾಡುತ್ತ ಕುಳಿತಿದ್ದ.

ಅವನು ಸಮೋರಾ ಊರಿಗೆ ಬಂದದ್ದು ಹೆಂಡತಿಯನ್ನು ಕರೆದುಕೊಂಡು ಹೋಗಲು. ಕಸಿಲ್ದಾ ತವರು ಸೇರಿ ಏಳು ತಿಂಗಳಾಗಿತ್ತು. ಭಾನುವಾರದ ಊಟಕ್ಕೆ ಬಾ ಎಂದು ಅತ್ತೆಯೇ ಹೇಳಿ ಕಳಿಸಿದ್ದರು. ಹಾಗೆಂದರೇನು ಎಂದು ಅವನಿಗೆ ಗೊತ್ತಿತ್ತು. ಮದುವೆಯೋ ಜಗಳವೋ ರಾಜಿಯೋ, ಬಾಯಲ್ಲಿ ತುತ್ತಿರುವಾಗ ಯಾರೂ ಆ ಮಾತು ಎತ್ತುವುದಿಲ್ಲ. ತಟ್ಟೆ ತೆಗೆದ ಮೇಲೆ, ಕಾಫಿ ಬಂದ ಮೇಲೆ, ಯಾರೂ ಏಳದೆ ಕುಳಿತಿರುವ ಹೊತ್ತಿನಲ್ಲಿ ಎಲ್ಲ ಇತ್ಯರ್ಥವಾಗುತ್ತದೆ.

ಆ ಹೊತ್ತಿಗೆ ಸೊಬ್ರೆಮೆಸಾ ಎಂದು ಹೆಸರು. ಎಲಾದಿಯೋ ಮದ್ರೀದಿನ ನಿಘಂಟು ಕಚೇರಿಯೊಂದರಲ್ಲಿ ಅರ್ಥ ಬರೆಯುವವನು. ಗ್ರಹಚಾರಕ್ಕೆ ಈ ವಾರ ಅದೇ ಪದ ಅವನ ಪಾಲಿಗೆ ಬಂದಿತ್ತು. ಮೇಜಿನ ಮೇಲಿಡುವ ಗಡಿಯಾರಕ್ಕೂ ಆ ಪದ ಸಲ್ಲುತ್ತದೆ, ಮಧ್ಯಾಹ್ನದ ಟೀವಿ ಕಾರ್ಯಕ್ರಮಕ್ಕೂ. ಅವಕ್ಕೆಲ್ಲ ಉದಾಹರಣೆ ಸಿಕ್ಕಿದ್ದವು. ಊಟದ ನಂತರದ ಹೊತ್ತು ಎಂಬ ಮೊದಲನೆಯ ಅರ್ಥಕ್ಕೆ ಮಾತ್ರ ಜನರ ಬಾಯಿಂದ ಬಂದ ವಾಕ್ಯ ಒಂದೂ ಇರಲಿಲ್ಲ.

ಯಾವ ಅಕ್ಷರಕ್ಕೆ ಬಂದಿರಿ, ಸಾಯುವುದರೊಳಗೆ ಕೊನೆ ಮುಟ್ಟುತ್ತೀರಾ ಎಂದು ಭಾಮೈದ ಫೆರ್ಮಿನ್ ಕೆಣಕಿದ. ಎಲಾದಿಯೋ ನಕ್ಕ. ಅತ್ತೆ ಎರಡನೆಯ ಸಲ ಕಾಫಿ ಬಗ್ಗಿಸಿ ಅವನ ಮುಖ ನೋಡಿದರು. ಮಾತೆತ್ತುವ ಸರದಿ ಅವನದು. ಅವನಿಗೆ ಹೆದರಿಕೆಯಾಯಿತು. ಸಕ್ಕರೆ ಕಲಕಿದ.

ಕೊನೆಗೆ ಕಸಿಲ್ದಾಳೇ ಬಾಯಿ ಬಿಟ್ಟಳು.

“ಹತ್ತೊಂಬತ್ತು ವರ್ಷ ನಿನ್ ಜೊತೆ ಊಟ ಮಾಡ್ದೆ. ಒಂದು ದಿನಾನೂ ಸೊಬ್ರೆಮೆಸಾ ಇರ್ಲಿಲ್ಲ. ತಟ್ಟೆ ಖಾಲಿ ಆಗ್ತಿದ್ದ ಹಾಗೇ ನೀನು ಎದ್ದು ಹೋಗ್ತಿದ್ದೆ.”

ಎಂಥ ವಾಕ್ಯ! ಅವನ ಎದೆ ಹೊಡೆದುಕೊಂಡಿತು. ನಾಚಿಕೆಯಿಂದಲ್ಲ, ಸಂತೋಷದಿಂದ. ಅದು ಎಷ್ಟು ಕೆಟ್ಟ ಸಂತೋಷವೆಂದು ತಿಳಿಯುವ ಮೊದಲೇ ಕೈ ಜೇಬಿಗೆ ಹೋಗಿ ಚೀಟಿ, ಪೆನ್ಸಿಲ್ ತೆಗೆದಿತ್ತು.

“ಏನ್ ಬರ್ಕೋತಿದ್ದೀಯ?” ಎಂದು ಕಸಿಲ್ದಾ ಕೇಳಿದಳು.

ಸುಳ್ಳು ಹೇಳಬಹುದಿತ್ತು. ಬರೆದದ್ದನ್ನು ಓದಿದ.

ಕಸಿಲ್ದಾಳ ಮುಖದಲ್ಲಿ ಸಿಟ್ಟಿರಲಿಲ್ಲ.

“ತಾರೀಕೂ ಹಾಕು,” ಎಂದಳು.

ಎದ್ದು ಕೋಟು ಹಾಕಿಕೊಂಡಳು. ತಮ್ಮನನ್ನು ಕರೆದುಕೊಂಡು ನದಿಯ ಕಡೆ ಹೊರಟಳು. ಬಾ, ಮನೆಗೆ ಹೋಗೋಣ ಎಂದು ಅವನು ಹೇಳಬೇಕಿತ್ತು. ಮನಸ್ಸಿನಲ್ಲಿ ಅಂದು ನೋಡಿಕೊಂಡ. ಅದೂ ಯಾರೋ ನಿಘಂಟಿಗೆಂದು ಕಟ್ಟಿದ ವಾಕ್ಯದ ಹಾಗೆ ಕೇಳಿಸಿತು. ಅಷ್ಟರಲ್ಲಿ ಮೆಟ್ಟಿಲ ಸದ್ದು ಕೆಳಗಿಳಿದು ನಿಂತುಹೋಯಿತು.

ಅತ್ತೆ ಲೋಟಗಳನ್ನೆಲ್ಲ ಒಳಗಿಟ್ಟು ಬಂದರು.

“ಸ್ವಲ್ಪ ಕೈ ಎತ್ತಪ್ಪ.”

ಎರಡೂ ಕೈ ಎತ್ತಿದ. ಅವರು ಮೇಜಿನ ಬಟ್ಟೆಯನ್ನು ನಾಲ್ಕು ಮೂಲೆ ಸೇರಿಸಿ ಎಳೆದುಕೊಂಡರು, ಬಾಲ್ಕನಿಯಲ್ಲಿ ಒದರಿದರು, ಮಡಿಸಿಕೊಂಡು ಒಳಗೆ ಹೋದರು. ಬರಿಯ ಮೇಜಿನ ಮುಂದೆ ಎಲಾದಿಯೋ ಕೈ ಎತ್ತಿಕೊಂಡೇ ಕುಳಿತಿದ್ದ. ಇಳಿಸು ಎಂದು ಯಾರೂ ಹೇಳಲಿಲ್ಲ.